ಫೋನಿನ ಕಿವಿಗೆ ಕುಂಚಿಗೆ

ಸಿಂಧನೂರಿನ ನಮ್ಮ ಮನೆಗೆ ಫೋನು ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಅರ್ಜಿ ಹಾಕಿದ್ದನ್ನು ನಾವೇ ಮರೆತ ಮೇಲೆ. ನಮ್ಮದು ಭತ್ತದ ವ್ಯಾಪಾರ. ದಢೇಸುಗೂರು, ಮುಕ್ಕುಂದದ ರೈತರು ರೇಟು ಕೇಳಲಿಕ್ಕೆ ಬೆಳಗಾದರೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಫೋನು ಷೋಕಿ ಅಲ್ಲ, ನೆಸೆಸಿಟಿ ಅಂತ ನನ್ನ ಯಜಮಾನರು ಅಂದರು. ಅತ್ತೆ ಮಾತ್ರ ನಂಬಲಿಲ್ಲ. ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕಪ್ಪಗೆ ಕೂತ ಆ ವಸ್ತುವಿಗೆ ವಿಭೂತಿ ಹಚ್ಚಿ ಕೈಮುಗಿದರು. ಮುಗಿದ ಕೈ ಇಳಿಸುವ ಮೊದಲೇ ನನ್ನ ಕಡೆ ತಿರುಗಿ, "ಇದು ಕೆಳಗ ಇಟ್ಟಾಗೂ ಕೇಳ್ತದೇನು?" ಅಂದರು.

"ಇಲ್ಲರಿ ಅತ್ತಿ. ಇಟ್ಟ ಕೂಡಲೇ ಕನೆಕ್ಷನ್ ಕಟ್ ಆಗ್ತದ."

"ನಿನಗ ಹೆಂಗ ಗೊತ್ತು? ಅದರೊಳಗ ಹೊಕ್ಕು ನೋಡಿ ಬಂದೀಯೇನು?"

ನಾನು ಕಾನ್ವೆಂಟಿನಲ್ಲಿ ಓದಿದವಳು. ನಿಜ ಹೇಳಬೇಕೆಂದರೆ ಅನುಮಾನ ನನ್ನ ರಕ್ತದಲ್ಲೂ ಇತ್ತು. ನಾನಿದ್ದ ಬೋರ್ಡಿಂಗಿನಲ್ಲಿ ಊರಿಂದ ಬಂದ ಕಾಗದಗಳನ್ನು ಸಿಸ್ಟರ್ಸ್ ಮೊದಲು ತಾವು ಓದಿ ಆಮೇಲೆ ನಮಗೆ ಕೊಡುತ್ತಿದ್ದರು. "ಫಾರ್ ಯುವರ್ ಓನ್ ಗುಡ್, ಚೈಲ್ಡ್" ಅನ್ನುತ್ತಿದ್ದರು. ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಲಕೋಟೆ ಬೆರಳಿಗೆ ಬೇರೆಯೇ ತಿಳಿಯುತ್ತದೆ. ಆ ಒರಟು ನನಗೆ ಇಂದಿಗೂ ನೆನಪಿದೆ.

ಓಣಿಗೆಲ್ಲ ನಮ್ಮದೊಂದೇ ಫೋನು. ಹೀಗಾಗಿ ಓಣಿಯವರೆಲ್ಲ ಬೀಗರಿಗೆ, ನೆಂಟರಿಗೆ ನಮ್ಮ ನಂಬರನ್ನೇ ಪಿಪಿ ನಂಬರ್ ಅಂತ ಕೊಟ್ಟಿದ್ದರು. ಫೋನು ಬಂದರೆ ನಾವು ಕಟ್ಟೆಗೆ ಬಂದು ಕೂಗಬೇಕು. ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು, ನೆಂಟರ ಊರು ಮಸ್ಕಿ ಅತ್ತ ಕಡೆ ಇದೆ ಅನ್ನುವ ಭಾವನೆಯಲ್ಲಿ ಅತ್ತಲೇ ಮುಖ ಮಾಡಿ ಒದರಬೇಕು. ಯಾರ ಸೊಸೆ ಸಿಟ್ಟಾಗಿ ತವರಿಗೆ ಹೋಗಿದ್ದಾಳೆ, ಯಾರಿಗೆ ಮೂಲವ್ಯಾಧಿ, ಎಲ್ಲ ನಮ್ಮ ಪಡಸಾಲೆಗೆ ಪುಕ್ಕಟೆ. ಪ್ರೈವೆಸಿ ಅನ್ನುವ ಶಬ್ದಕ್ಕೆ ನಮ್ಮ ಓಣಿಯಲ್ಲಿ ಗಿರಾಕಿ ಇರಲಿಲ್ಲ.

ಒಬ್ಬಳನ್ನು ಬಿಟ್ಟು. ನನ್ನ ನಾದಿನಿ, ಅತ್ತೆಯ ಕಿರಿಮಗಳು, ಯಾರಾದರೂ ಮಾತಾಡಲಿಕ್ಕೆ ಬಂದರೆ ರಿಸೀವರು ಎತ್ತಿ ಅವರ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. "ಅವರ ಮಾತು ನಮಗ್ಯಾಕ ಬೇಕು ವೈನಿ" ಅನ್ನುವಳು. ಸಣ್ಣವಳಿದ್ದಾಗ ಜ್ವರ ಬಂದು ಅವಳ ಬಲಗಿವಿ ಹೋಗಿತ್ತು. ಎಡಗಿವಿ ಚುರುಕು. ಬಲಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದವರು ಸೊಕ್ಕಿನ ಹುಡುಗಿ ಅಂತ ತಿಳಿಯುತ್ತಿದ್ದರು. ಅವಳಿಗೆ ಬಂದ ಸಂಬಂಧಗಳು ಆ ಕಿವಿಯ ಸುದ್ದಿ ಕೇಳಿ ವಾಪಸಾಗಿದ್ದವು. ಅತ್ತೆ ಯಾರನ್ನೂ ನಂಬದೇ ಹೋದದ್ದು ಅದರಿಂದಲೇ ಇರಬೇಕು.

ಅತ್ತೆ ಫೋನಿಗೆ ಹಳೇ ಇಳಕಲ್ ಸೀರೆಯ ತುಂಡುಗಳಿಂದ ಕೌದಿಯಂಥ ಗವಸು ಹೊಲಿದರು. ಅದು ಎಲ್ಲರ ಮನೆಯಲ್ಲೂ ಇರುತ್ತಿತ್ತು ಬಿಡಿ, ಧೂಳಿಗೆ. ನಮ್ಮ ಅತ್ತೆ ಇನ್ನೊಂದು ಹೊಲಿದರು. ಕೂಸಿನ ಕುಂಚಿಗೆಯಂಥದ್ದು, ದಪ್ಪನೆಯದು, ಒಳಗೆ ಅರಳೆ ತುಂಬಿದ್ದು. ಮನೆಯ ಗುಟ್ಟಿನ ಮಾತು ಆಡುವಾಗ ಅದನ್ನು ರಿಸೀವರಿನ ಮೇಲಿನ ತುದಿಗೆ, ನಾವು ಕಿವಿಗೆ ಹಿಡಿಯುವ ತುದಿಗೆ, ತೊಡಿಸುವರು. ಕೇಳುವುದು ಕಿವಿ ತಾನೆ, ಹಾಗಾಗಿ ಕಿವಿಗೆ ಟೊಪ್ಪಿಗೆ ಹಾಕಿದರೆ ಕೇಳುವುದಿಲ್ಲ ಅನ್ನುವುದು ಅವರ ಲೆಕ್ಕ. "ಅತ್ತಿ, ಅದು ನಮ್ಮ ಮಾತು ಕೇಳೂದು ಬಾಯಿ ಕಡಿಂದರಿ" ಅಂದರೆ, "ಬಾಯಿಲೆ ಯಾರಾದರೂ ಕೇಳ್ತಾರೇನಬೇ? ಏನ್ ಕಲಿಸ್ಯಾರ ನಿನಗ ಆ ಸಾಲ್ಯಾಗ?" ಅಂದರು. ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು.

ಶ್ರಾವಣದಲ್ಲಿ ಮಸ್ಕಿಯಿಂದ ಒಂದು ಸಂಬಂಧ ಬಂತು. ಕಿರಾಣಿ ವ್ಯಾಪಾರದ ಮನೆ, ಒಳ್ಳೇ ಅನುಕೂಲ. ಹುಡುಗ ದೂರದಿಂದ ನೋಡಿ ಒಪ್ಪಿದ್ದ. ಅವನ ತಾಯಿ ತಾವೇ ಫೋನ್ ಮಾಡಿ, ಸೋಮವಾರ ಮಾತುಕತೆಗೆ ಬರುತ್ತೇವೆ ಅಂದರು. ಅತ್ತೆ ಗಡಬಡಿಸಿ, "ಬರ್ರಿ ಬರ್ರಿ" ಅಂತ ಹೇಳಿ, ಕುಂಚಿಗೆ ತೊಡಿಸಿ, ರಿಸೀವರು ಇಟ್ಟು, ಮೇಲೆ ಗವಸು ಹೊದಿಸಿ, ನಮ್ಮನ್ನೆಲ್ಲ ಕೂಡಿಸಿಕೊಂಡರು.

"ಕಿವಿ ವಿಷಯ ಒಬ್ಬರೂ ಬಾಯಿ ಬಿಡಬ್ಯಾಡ್ರಿ. ಆಕೀನ ಬಲಗಡೆ ಗ್ವಾಡಿ ಬರೂಹಂಗ ಕೂಡಸ್ರಿ. ಆವಾಗ ಆ ಕಡಿಂದ ಯಾರೂ ಮಾತಾಡಸಂಗಿಲ್ಲ."

"ಲಗ್ನ ಆದಮ್ಯಾಲ ಏನ್ ಮಾಡ್ಲಿ ಯವ್ವಾ?" ಅಂದಳು ನಾದಿನಿ. "ಗ್ವಾಡಿ ಹೊತಗೊಂಡು ಅಡ್ಡಾಡಲೇನು?"

ನಾವು ನಕ್ಕೆವು. ಅವಳು ನಗಲಿಲ್ಲ. "ಹೇಳಿಬಿಡ್ರಿ ಅವರಿಗೆ. ಬ್ಯಾಡ ಅಂದ್ರ ಬ್ಯಾಡ ಆಗ್ಲಿ. ಜೀವನಪೂರ್ತಿ ಹೆದರಿಕೊಂತ ಇರೂದು ನನ್ನ ಕೈಲಾಗಂಗಿಲ್ಲ" ಅಂತ ಅತ್ತಳು. ಅತ್ತೆ ಬೈದರು, ಆಮೇಲೆ ತಾವೂ ಅತ್ತರು. ಹಿಂದೆ ವಾಪಸಾದ ಸಂಬಂಧಗಳ ಕಥೆಯೆಲ್ಲ ಆ ಹೊತ್ತಿನಲ್ಲಿ ಬಂತು.

ಎಲ್ಲ ಮುಗಿದು, ಯಜಮಾನರು ಲಾರಿಯವನಿಗೆ ಫೋನ್ ಹಚ್ಚಲಿಕ್ಕೆ ಗವಸು ತೆಗೆದರು. ರಿಸೀವರು ಒಂದು ಕಡೆ ಎದ್ದು ನಿಂತಿತ್ತು. ಅರಳೆಯ ಕುಂಚಿಗೆ ಅಡ್ಡ ಬಂದು ಕೆಳಗಿನ ಗುಂಡಿ ಒತ್ತಿಕೊಂಡೇ ಇರಲಿಲ್ಲ. ಮಸ್ಕಿಯವರು ತಮ್ಮ ಕಡೆ ಇಡದಿದ್ದರೆ ಲೈನು ಹಾಗೇ ಇರುತ್ತದೆ. ಯಜಮಾನರು ಕುಂಚಿಗೆ ಕಿತ್ತು ಕಿವಿಗೆ ಹಿಡಿದರು. ಆ ಕಡೆಯಿಂದ, "ಎತ್ತಿದರು, ಎತ್ತಿದರು, ಇಡು ಇಡು" ಅಂತ ಪಿಸುಮಾತು. ಆಮೇಲೆ ಕಟ್.

ಯಜಮಾನರ ಮುಖ ನೋಡಿಯೇ ನಮಗೆ ತಿಳಿಯಿತು. ಅತ್ತೆ ಮಾತ್ರ ನನ್ನ ಕಡೆ ಬೆರಳು ತೋರಿಸಿ, "ನಾ ಹೇಳಿದ್ದಿಲ್ಲೇನು? ಇಟ್ಟಾಗೂ ಕೇಳ್ತದ!" ಅಂದರು.

ಇನ್ನು ಅವರು ಬರುವುದಿಲ್ಲ ಅಂದುಕೊಂಡೆವು. ಸೋಮವಾರ ಬಂದೇ ಬಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಇಟ್ಟೆ. ಹುಡುಗನ ತಾಯಿ ನೇರ ಹೋಗಿ ನಾದಿನಿಯ ಎಡಗಡೆ ಕೂತರು. "ಕಿವಿ ಸುದ್ದಿ ನಮಗ ಗೊತ್ತಾತ್ರಿ ಅಕ್ಕಾರ. ಇರಲಿ ಬಿಡ್ರಿ. ನಮ್ಮ ಹುಡುಗ ಒಪ್ಪ್ಯಾನ, ನಮಗೂ ಒಪ್ಪಿಗಿ ಐತಿ" ಅಂದರು.

ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನನಗೂ ಥ್ಯಾಂಕ್ ಗಾಡ್ ಅನಿಸಿತು. ನಾದಿನಿ ತಲೆ ಎತ್ತಿ ಕೇಳಿದಳು: "ಎಲ್ಲೀತನಕ ಕೇಳಿದ್ರಿ?"

"ಕಡೀತನಕ ಕೇಳೀವಿ ನೋಡವಾ!" ಆ ತಾಯಿ ನಗುತ್ತಲೇ ಹೇಳಿದರು. "ಮೊದಲ ನಾ ಕೇಳಿದೆ. ಆಮ್ಯಾಲ ಮಗಳಿಗೆ ಕೊಟ್ಟೆ. ಬಾಜೂ ಮನಿಯಾಕಿ ಬಂದಿದ್ದಳು, ಆಕೀನೂ ಒಂದಷ್ಟು ಕೇಳಿದಳು. ಹುಡುಗಂತೂ ಬಿಡವಲ್ಲ! ನೀ ಗ್ವಾಡಿ ಹೊತಗೊಂಡು ಅಡ್ಡಾಡಲೇನು ಅಂದಿ ನೋಡು, ನಕ್ಕು ನಕ್ಕು ಸಾಕಾತು."

"ನಾ ಅತ್ತಿದ್ದು?"

"ಅದೂ ಕೇಳಿದ್ವಿ, ಪಾಪ."

ನಾದಿನಿ ಎದ್ದು ಒಳಗೆ ಬಂದಳು. ನಾನು ಹಿಂದೆಯೇ ಹೋದೆ. "ವೈನಿ, ಈ ಮನಿ ನನಗ ಬ್ಯಾಡ" ಅಂದಳು. ಅತ್ತೆ ಬಂದು ಹಲ್ಲು ಕಡಿದರು. "ಮುಚ್ಚಿಟ್ಟವರು ನಾವು. ಅವರು ದೊಡ್ಡ ಮನಸ್ಸು ಮಾಡ್ಯಾರ. ನಿನಗೇನು ದಾಡಿ?"

"ಮುಚ್ಚಿಟ್ಟದ್ದಕ್ಕ ಅವರು ಬ್ಯಾಡ ಅಂದಿದ್ರ ನಾ ಸುಮ್ಮನಿರತಿದ್ದೆ ಯವ್ವಾ. ನಾ ಅಳೂದು ಕೇಳಿ ಒಬ್ಬರಾದರೂ ಫೋನ್ ಇಡಲಿಲ್ಲ. ಓಣಿಯಾಕೀನ ಕೂಡಿಸಿಕೊಂಡು ಕೇಳ್ಯಾರ. ನನಗರ ಇರೂದು ಒಂದ ಕಿವಿ. ಆ ಮನ್ಯಾಗ ಎಷ್ಟ ಕಿವಿ ಅದಾವ, ಅಲ್ಲಿ ನಾ ಹೆಂಗ ಬಾಳ್ವೆ ಮಾಡ್ಲಿ?"

ಅತ್ತೆ ಇಡೀ ಜಗತ್ತನ್ನು ಅನುಮಾನಿಸಿದ ಹೆಂಗಸು. ಮಗಳ ಅನುಮಾನ ಅವರಿಗಲ್ಲದೆ ಇನ್ಯಾರಿಗೆ ತಿಳಿಯಬೇಕು? ಹೊರಗೆ ಹೋಗಿ, ಹುಡುಗಿ ಇನ್ನೂ ವಿಚಾರ ಮಾಡುತ್ತಾಳೆ ಅಂದರು. ಬಂದವರು ಮಿರ್ಚಿ ಅರ್ಧಕ್ಕೇ ಬಿಟ್ಟು ಎದ್ದರು. ಕಿವುಡಿಗೆ ಇಷ್ಟು ಸೊಕ್ಕು ಅಂತ ಆಮೇಲೆ ಮಸ್ಕಿಯಲ್ಲಿ ಆಡಿಕೊಂಡರಂತೆ. ಅದೂ ಫೋನಿನಲ್ಲೇ ನಮಗೆ ಬಂತು.

ಮರುವರ್ಷ ಲಿಂಗಸುಗೂರಿನ ಒಬ್ಬ ಸಾಲಿ ಮಾಸ್ತರರು ನೋಡಲು ಬಂದಾಗ, ಅವಳೇ ಮೊದಲು ಬಾಯಿ ತೆರೆದು ಕಿವಿಯ ಸಂಗತಿ ಹೇಳಿದಳು. ಅವರು ಎದ್ದು, ಅವಳ ಎಡಗಡೆಗೆ ಕುರ್ಚಿ ಸರಿಸಿಕೊಂಡರು. ಲಗ್ನವಾಗಿ ಅವಳು ಹೋದ ಆ ಮನೆಯಲ್ಲಿ ಆಗ ಫೋನು ಇರಲಿಲ್ಲ. ಅತ್ತೆಗೆ ಅದೇ ದೊಡ್ಡ ಸಮಾಧಾನ.

ಅಲ್ಲಿ ಫೋನು ಬಂದದ್ದು ದಶಕದ ಕೊನೆಗೆ. ಮೊದಲ ಕಾಲ್ ನಮಗೇ.

"ಬಾಜೂಕ ಯಾರದಾರ?" ಅಂದೆ ನಾನು, ರೂಢಿಯಂತೆ.

"ಯಾರಿಲ್ಲ ವೈನಿ. ಇವರು ನಂಬರ್ ಹಚ್ಚಿಕೊಟ್ಟು ಹೊರಗ ಹೋಗ್ಯಾರ. ನಿನ್ನ ಬಾಜೂಕ?"

ತಿರುಗಿ ನೋಡಿದೆ. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದರು. ಕೈ ಮಾತ್ರ ಆಡುತ್ತಿರಲಿಲ್ಲ.

"ನಿಮ್ಮವ್ವ ಅದಾರ" ಅಂದೆ.

ಅತ್ತೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಮೊರ ಎತ್ತಿಕೊಂಡು, ಮೊಳಕಾಲು ಹಿಡಿದು ಎದ್ದು, ಹಿತ್ತಲಿಗೆ ಹೋದರು.