ಕಂಪ್ಲಿ ಹೊಳೆಯಲ್ಲಿ ಅಣ್ಣನ ಹೊಸ ದೋಣಿ

ಸಂಡೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸು ಹೊಸಪೇಟೆ ಸೇರಿದಾಗ ಹನ್ನೊಂದೂವರೆ. ಗಣಿ ಜೋರಾಗಿದ್ದ ದಿನಗಳವು. ಘಾಟಿನಲ್ಲಿ ಅದಿರಿನ ಲಾರಿಯೊಂದು ಅಡ್ಡ ನಿಂತಿತ್ತು. ಕಿಟಕಿ ಮುಚ್ಚಿದರೂ ಕೆಂಪು ಧೂಳು ಸೀರೆಯ ನೆರಿಗೆಗೆ ಇಳಿಯುತ್ತಿತ್ತು. ನಾನು ಎರಡು ಸಲ ಕೆಳಗಿಳಿದೆ, ಎರಡು ಸಲ ಹತ್ತಿದೆ.

"ಕುಂದ್ರಿ ಟೀಚರ್, ನೀವು ನಿಂತ್ರ ಬಸ್ಸು ಓಡತೈತೇನು?" ಎಂದ ಕಂಡಕ್ಟರ್.

ಹೇಗೆ ಕೂರಲಿ? ಕಂಪ್ಲಿಯಲ್ಲಿ ನಮ್ಮಣ್ಣ ದುರುಗಪ್ಪ ಅಂದು ಹೊಸ ಫೈಬರ್ ದೋಣಿಯನ್ನು ಹೊಳೆಗಿಳಿಸುವವನಿದ್ದ. ಅವನು ಹುಡುಗನಾಗಿದ್ದಾಗಿನಿಂದ ಮೀನು ಹಿಡಿದದ್ದು ಬಿದಿರಿನ ಹರಿಗೋಲಿನಲ್ಲಿ. ಅದು ಬುಟ್ಟಿಯಂತೆ ದುಂಡಗೆ; ಬಂಡೆಗೆ ತಾಗಿದರೂ ತಿರುಗಿ ಜಾರಿಕೊಳ್ಳುತ್ತದೆ. ಈ ದೋಣಿ ಉದ್ದ, ಕಿರಿದು. "ಇದು ನೆಟ್ಟಗ ಹೋಗತೈತವ್ವ. ನೀ ಬಂದಮ್ಯಾಲೆ ಇಳಸ್ತೀನಿ," ಎಂದು ಫೋನಿನಲ್ಲಿ ಹೇಳಿದ್ದ. ಕಾಯುವ ಜಾಯಮಾನ ಅವನದಲ್ಲ.

ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಕಂಪ್ಲಿ ಬಸ್ಸಿಗೆ ಓಡಿದೆ. ಟಿಕೆಟ್ಟು ಹದಿನೆಂಟು ರೂಪಾಯಿ. ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಇಳಿದರು. ಮುಂದೆ ಬಾಳೆತೋಟ, ಭತ್ತದ ಗದ್ದೆ. ಪೊಟ್ಟಣ ಬಿಚ್ಚಲು ಮನಸ್ಸಾಗಲಿಲ್ಲ.

ಹೊಳೆಯ ದಂಡೆ ಸೇರಿದಾಗ ಎರಡು ಗಂಟೆ ದಾಟಿತ್ತು. ಅಲ್ಲಿ ಅತ್ತಿಗೆ ಒಬ್ಬಳೇ ನಿಂತಿದ್ದಳು. "ಹನ್ನೆರಡಕ್ಕ ಹೋದ್ರು, ಇನ್ನೂ ಬಂದಿಲ್ಲ. ನೀ ಬರೂತನಕ ತಡೀರಿ ಅಂದೆ, ಕೇಳಲಿಲ್ಲ."

ಅಣ್ಣನನ್ನು ಹುಡುಕಲು ನೆರೆಮನೆಯ ಮಲ್ಲಜ್ಜ ತನ್ನ ಹರಿಗೋಲಿನಲ್ಲಿ ನನ್ನನ್ನು ಕೂರಿಸಿಕೊಂಡ. ಅದು ಸುತ್ತುತ್ತ ಸುತ್ತುತ್ತ ಸಾಗಿತು. "ಜಲ್ದಿ, ಅಜ್ಜ," ಎಂದೆ. "ಸುಮ್ಮನ ಕುಂದ್ರು," ಎಂದ.

ನಡುಹೊಳೆಯಲ್ಲಿ ಎರಡು ಬಂಡೆಗಳ ನಡುವೆ ದೋಣಿಯ ಮೂತಿ ಸಿಕ್ಕಿಕೊಂಡಿತ್ತು. ಅಣ್ಣ ಎದೆಮಟ್ಟ ನೀರಿನಲ್ಲಿ ಅದನ್ನು ತಬ್ಬಿ ನಿಂತಿದ್ದ.

"ಬಿಟ್ಟು ಇದರಾಗ ಹತ್ತು, ದುರುಗ," ಎಂದ ಮಲ್ಲಜ್ಜ.

"ಬಿಟ್ರ ಹೊಳಿ ಒಯ್ತೈತಿ."

"ಒಯ್ಲಿ. ನಿನಗ್ಯಾಕ ಬೇಕಿತ್ತು ಇದು?" ಎಂದೆ ನಾನು.

ಅವನು ನನ್ನತ್ತ ನೋಡಲಿಲ್ಲ. "ಬಲಿ ಹಾಕೂ ಜಾಗಕ್ಕ ಹರಿಗೋಲಿನ್ಯಾಗ ಹೋಗಾಕ ಗಾಳಿಯಾಗ ಎರಡು ತಾಸು ಬೇಕಿತ್ತು. ಇವತ್ತ ಅರ್ಧ ತಾಸಿಗೆ ಮುಟ್ಟಿದೆ. ವಾಪಸ್ ಬರೂವಾಗ ಒಬ್ಬನ ಕೈಲೆ ಮೂತಿ ತಿರುಗಲಿಲ್ಲ."

ಮಲ್ಲಜ್ಜ ಹರಿಗೋಲನ್ನು ಬಂಡೆಗೆ ಆನಿಸಿ ಹಿಡಿದ. ನಾನು ಸೆರಗು ಸಿಕ್ಕಿಸಿ ನೀರಿಗಿಳಿದೆ. ಇಬ್ಬರೂ ಹೆಗಲು ಕೊಟ್ಟು ನೂಕಿದೆವು. ಮೂರನೆಯ ಸಲಕ್ಕೆ ದೋಣಿ ಕಿತ್ತುಕೊಂಡು ಬಂತು. ಪಕ್ಕದಲ್ಲೊಂದು ಉದ್ದ ಗೀರು, ಬೇರೇನಿಲ್ಲ.

ಅಣ್ಣ ಹಿಂದುಗಡೆ ಹತ್ತಿ ಕುಳಿತ. ಮಲ್ಲಜ್ಜ ನನಗಾಗಿ ಹರಿಗೋಲು ವಾಲಿಸಿದ. ನಾನು ಅವನ ಕೈಯಿಂದ ಬಿಡಿ ಹುಟ್ಟೊಂದನ್ನು ಇಸಿದುಕೊಂಡು ಅಣ್ಣನ ದೋಣಿಯ ಮುಂಭಾಗದಲ್ಲಿ ಕುಳಿತೆ. ಮದುವೆಗೆ ಮುಂಚೆ ನಾನೂ ಹುಟ್ಟು ಹಾಕಿದವಳೇ. ಬಲಕ್ಕೆ ಅವನು, ಎಡಕ್ಕೆ ನಾನು. ದೋಣಿ ನೇರವಾಗಿ ದಂಡೆಯತ್ತ ಹೊರಟಿತು. ತಿರುಗಿ ನೋಡಿದರೆ ಮಲ್ಲಜ್ಜನ ಹರಿಗೋಲು ಬಲು ಹಿಂದೆ ಸುತ್ತುತ್ತ ಬರುತ್ತಿತ್ತು.

"ಮೆಲ್ಲಕ ಹಾಕವ್ವ, ಅಜ್ಜ ಹಿಂದುಳಿದಾನ," ಎಂದ ಅಣ್ಣ.

ದಂಡೆಯ ಮೇಲೆ ಅತ್ತಿಗೆ ಕಾಣುತ್ತಿದ್ದಳು. "ಇದು ನೆಟ್ಟಗ ಹೋಗತೈತಣ್ಣ," ಎಂದೆ. ಕೈ ನಿಧಾನಿಸಲಿಲ್ಲ.