ಗುಡ್ಡದ ಕೋಣೆಯಲ್ಲಿ ಅಕ್ಕನ ದನಿ

ಬೆಳಗಿನ ಐದೂವರೆ. ಗುಡ್ಡದ ನೆತ್ತಿಯ ತಗಡಿನ ಕೋಣೆಯೊಳಗೆ ಮಂಜು ಕಾಲೊರೆಸಿಕೊಂಡು ಬರುವ ನೆಂಟನಂತೆ ಮೆಲ್ಲಗೆ ಬರುತ್ತಿದೆ. ಎಲ್ಲರೂ ಗುಡ್ಡದಣ್ಣ ಎಂದೇ ಕರೆಯುವ ಐವತ್ತೆಂಟರ ರೇಡಿಯೊ ರಿಪೇರಿಯವರು ಮೂರು ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಒಂದೊಂದರ ಬೆನ್ನನ್ನೂ ಅಂಗೈಯಿಂದ ಮುಟ್ಟಿ ನೋಡುತ್ತಿದ್ದಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಇವು ರಿಪೀಟರುಗಳು. ಕಣಿವೆಯ ಆಂಬುಲೆನ್ಸುಗಳಿಂದ ಬರುವ ಬಡಕಲು ದನಿಯನ್ನು ಹಿಡಿದು, ಬಲ ತುಂಬಿ, ಗುಡ್ಡದಾಚೆಯ ಆಸ್ಪತ್ರೆಗೆ ಮುಟ್ಟಿಸುತ್ತವೆ. ಒಂದು ಅಗ್ಗದ್ದು. ಎರಡನೆಯದಕ್ಕೆ ಅದರ ಮೂರು ಪಟ್ಟು ಬೆಲೆ, ಮೂರನೆಯದಕ್ಕೆ ಹತ್ತು ಪಟ್ಟು. ಯಾವುದು ಬೇಕೆಂದು ಸಂಜೆಯೊಳಗೆ ಇವರು ರುಜು ಹಾಕಬೇಕು. ಆಸ್ಪತ್ರೆಯ ಕಾರ್ಯದರ್ಶಿಗೆ ಅಗ್ಗದ್ದರ ಮೇಲೆಯೇ ಕಣ್ಣು.

ಮೂವತ್ತೊಂದು ವರ್ಷದಿಂದ ದಿನಾ ನಾನೂರ ಹನ್ನೆರಡು ಮೆಟ್ಟಿಲು ಹತ್ತುತ್ತಿರುವ ಗುಡ್ಡದಣ್ಣ ಒಮ್ಮೆ ಅಗ್ಗದ್ದಕ್ಕೆ ರುಜು ಹಾಕಿದ್ದುಂಟು. ಮುಂಜಾನೆಯ ತಂಪಿನಲ್ಲಿ ಪರೀಕ್ಷಿಸಿ ಸೈ ಎಂದಿದ್ದರು. ನಡುಹಗಲು ತಗಡು ಕಾದಾಗ ಪೆಟ್ಟಿಗೆ ಬಾಯಿ ಮುಚ್ಚಿತು. ಹೆರಿಗೆ ನೋವಿನ ಹೆಂಗಸನ್ನು ಕರೆದೊಯ್ಯುತ್ತಿದ್ದ ಡ್ರೈವರ್ ಕುಸಿದ ಸೇತುವೆಯ ಮುಂದೆ ಇಪ್ಪತ್ತು ನಿಮಿಷ ರೇಡಿಯೊದಲ್ಲಿ ಕೂಗುತ್ತಲೇ ಇದ್ದ, ಆಸ್ಪತ್ರೆಗೆ ಕೇಳಲೇ ಇಲ್ಲ. “ತಾಯಿ, ಮಗು ಉಳಿದ್ರು ನಿಜ. ಆದ್ರೆ ನನ್ನಿಂದ ಅಲ್ಲ,” ಎನ್ನುತ್ತಾರೆ ಗುಡ್ಡದಣ್ಣ.

ಅಂದಿನಿಂದ ಇವರ ಪರೀಕ್ಷೆ ನಡುಹಗಲಲ್ಲೇ, ಅದೂ ಬಾಗಿಲು ಮುಚ್ಚಿ. ಒಂದೊಂದು ಪೆಟ್ಟಿಗೆಯಲ್ಲೂ ಒಂದು ಗಂಟೆ ಮಾತು ಎಡೆಬಿಡದೆ ಹರಿಯಬೇಕು. ಅದಕ್ಕೆ ಕೆಳಗೆ ಮನೆಯಲ್ಲಿ ಇವರ ಅಕ್ಕ ಇದ್ದಾರೆ. ವಾಕಿಟಾಕಿಯ ಗುಂಡಿ ಒತ್ತಿ ಹಿಡಿದರೆಂದರೆ, ಈ ತಮ್ಮ ಚಿಕ್ಕಂದಿನಲ್ಲಿ ಕಳೆದ ಚಪ್ಪಲಿಯಿಂದ ನಿನ್ನೆ ತೆರೆದು ಬಿಟ್ಟ ನಲ್ಲಿಯವರೆಗೆ ಒಂದನ್ನೂ ಬಿಡುವುದಿಲ್ಲ. “ಅಕ್ಕನ ಬೈಗುಳ ತಡ್ಕೊಂಡ ಪೆಟ್ಟಿಗೆ ಏನನ್ನ ಬೇಕಾದ್ರೂ ತಡ್ಕೊಳ್ಳುತ್ತೆ.”

ಬಿಸಿಲೇರಿ ನಡುಹಗಲಾಗುತ್ತದೆ. ತಗಡಿನ ಮೊಳೆತೂತುಗಳಿಂದ ಇಳಿದ ಬೆಳಕಿನ ಚುಕ್ಕೆಗಳು ಅವರ ತೋಳಿನ ಮೇಲೆ ತೇಲುತ್ತಿವೆ. ಹದಿನೆಂಟನೆಯ ನಿಮಿಷಕ್ಕೆ ಅಗ್ಗದ್ದು ನಿದ್ದೆ ಹೋದಂತೆ ಸುಮ್ಮನಾಗುತ್ತದೆ. ಉಳಿದೆರಡೂ ಪೂರ್ತಿ ಗಂಟೆ ಮಾತಾಡುತ್ತವೆ. ಹತ್ತು ಪಟ್ಟಿನದು ನೂರಾರು ಗಾಡಿಗಳಿರುವ ದೊಡ್ಡ ಪೇಟೆಗೆ ಸರಿ, ಇಲ್ಲಿರುವುದು ಒಂಬತ್ತೇ. ಗುಡ್ಡದಣ್ಣ ನಡುವಿನದಕ್ಕೆ ರುಜು ಹಾಕುತ್ತಾರೆ.

ಕಾರ್ಯದರ್ಶಿ ಫೋನಿನಲ್ಲಿ ಗೊಣಗುತ್ತಾರೆ. ಅಗ್ಗದ್ದು ಹಿಂದೆ ಕೆಟ್ಟಿದ್ದು ಒಂದೇ ಒಂದು ಸಲ ತಾನೇ ಎಂದು ಕೇಳುತ್ತಾರೆ.

“ಆ ಮಾತನ್ನ ಡ್ರೈವರ್‌ಗೆ ಹೇಳಿ ಸಾರ್. ಅವನು ಒಪ್ಪಿದ್ರೆ ನಾನೂ ಒಪ್ತೀನಿ.”

ಕಾಗದ ಕಳಿಸಿ ಎಂದು ಕಾರ್ಯದರ್ಶಿ ಫೋನಿಡುತ್ತಾರೆ.

ಊರಿಗೆ ಇವರ ಕೆಲಸದ ಪರಿಚಯವೇ ಇಲ್ಲವಲ್ಲ, ಬೇಸರವಿಲ್ಲವೇ ಎಂದರೆ ಗುಡ್ಡದಣ್ಣ ಇಲ್ಲವೆಂದು ತಲೆಯಾಡಿಸುತ್ತಾರೆ. “ದನಿ ನಿಂತಾಗ ಮಾತ್ರ ಜನ ಗುಡ್ಡದ ಕಡೆ ತಲೆಯೆತ್ತಿ ನೋಡೋದು. ಯಾರೂ ನೋಡದ ಹಾಗೆ ಇನ್ನಷ್ಟು ವರ್ಷ ಹೋದ್ರೆ ಸಾಕು.”