ಡಬ್ಬಿ ಬಾರಿಸದ ಸಂಜೆಗಳು

ಮದುವೆಗೆ ಹೋಗುವ ಕುದುರೆಗೆ ರೂಪಕ್ಕಿಂತ ಕಿವಿ ಮುಖ್ಯ ಎಂದು ನಮ್ಮಣ್ಣ ಹೇಳುತ್ತಾನೆ. ಬಿಳಿ ಬಣ್ಣ ದೇವರು ಕೊಡುತ್ತಾನೆ, ಬ್ಯಾಂಡಿನ ಸದ್ದು ಸಹಿಸುವ ಕಿವಿಯನ್ನು ನಾವೇ ತಯಾರು ಮಾಡಬೇಕು. ಮದುಮಗನಿಗೆ ಅಂಥ ಕಿವಿ ಮದುವೆಯಾದ ಮೇಲೆ ತಾನಾಗಿ ಬರುತ್ತದೆ. ಕುದುರೆಗೆ ಮೊದಲೇ ಬೇಕು.

ಅಪ್ಪ ರೇಲ್ವೆ ನೌಕರಿಗೆಂದು ಹುಬ್ಬಳ್ಳಿಯಿಂದ ನಾಗಪುರಕ್ಕೆ ಬಂದವರು. ಊರಂಚಿನ ಕಳಮನಾದ ಆಚೆ ಒಂದು ತುಂಡು ಹೊಲ ತೆಗೆದುಕೊಂಡರು. ಅವರು ಕಾಲವಾದ ಮೇಲೆ ಅಣ್ಣ ಅಲ್ಲಿ ಮದುವೆ ಮೆರವಣಿಗೆಯ ಕುದುರೆ ಕಟ್ಟಿದ. ಒಂದು ಮುದಿ, ಒಂದು ಹರೆಯದ್ದು. ಎರಡೂ ಬಿಳಿ, ಎರಡೂ ಹೆಣ್ಣು. ಅಡುಗೆ, ಹುಲ್ಲು, ಲದ್ದಿ ನನ್ನ ಪಾಲಿಗೆ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಕನ್ನಡ ಓದು ಬರಹ ಅವ್ವ ಕಲಿಸಿದ್ದು. ಆದರೆ ಭಾನುವಾರ ಹೊಲ ನೋಡಲು ಬರುವ ಪೇಟೆಯವರ ಮುಂದೆ ಕುದುರೆ ವಿದ್ಯೆ ಬಿಚ್ಚಿದೆನೆಂದರೆ ಪ್ರೊಫೆಸರರೂ ತಲೆದೂಗುತ್ತಿದ್ದರು.

ಹರೆಯದ ಕುದುರೆಗೆ ಸದ್ದು ರೂಢಿಯಾಗಲೆಂದು ಅಣ್ಣ ನನಗೊಂದು ಕೆಲಸ ಹಚ್ಚಿದ. ಸಂಜೆ ನೆನೆಸಿದ ಕಡಲೆ ಇಟ್ಟು, ಅದು ತಿನ್ನುವಾಗ ಎಣ್ಣೆಯ ಖಾಲಿ ಡಬ್ಬಿ ಬಾರಿಸಬೇಕು. ಮೊದಲು ದೂರದಿಂದ, ದಿನ ಕಳೆದಂತೆ ಹತ್ತಿರದಿಂದ. ಸದ್ದಾದರೆ ಕಡಲೆ ಸಿಗುತ್ತದೆ ಎಂದು ಅದರ ತಲೆಗೆ ಹೋಗಬೇಕು. ಆ ಹೊತ್ತಿಗೆ ಅಣ್ಣ ಮುದಿ ಕುದುರೆಯೊಡನೆ ಯಾವುದೋ ಮೆರವಣಿಗೆಯಲ್ಲಿರುತ್ತಿದ್ದ. ಬಂದವನೇ ಕೇಳುತ್ತಿದ್ದ:

“ಡಬ್ಬಿ ಬಾರ್ಸಿದೇನವಾ ತಂಗಿ?”

“ಬಾರ್ಸೀನಿ. ಕೈ ಬಿದ್ದು ಹೋತು ನೋಡು.”

ಮೊದಲ ಕೆಲವು ದಿನ ಬಾರಿಸಿದ್ದು ನಿಜ. ಆಮೇಲೆ ನನ್ನ ಮರಾಠಿ ಧಾರಾವಾಹಿಯ ಹೊತ್ತೂ ಅದೇ ಆಯಿತು. ಅತ್ತೆ ಸೊಸೆಗೆ ವಿಷ ಹಾಕುವಳೋ ಇಲ್ಲವೋ ಎಂಬ ಘಟ್ಟ. ಡಬ್ಬಿ ಬಾರಿಸಿದರೆ ಅವರ ಮಾತು ಕೇಳಿಸದು. ಮೊಬೈಲನ್ನು ಗೋದಲಿಯ ಮೇಲೆ ನಿಲ್ಲಿಸಿ ಸದ್ದು ಪೂರ್ತಿ ಏರಿಸಿದೆ. ಯಾವ ಸದ್ದಾದರೇನು, ಸದ್ದು ಸದ್ದೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಅತ್ತೆ ಸೊಸೆ ಕಿರುಚಾಡಿದರು, ಕುದುರೆ ಕಡಲೆ ತಿಂದಿತು, ನಾನು ಕಣ್ಣೊರೆಸಿಕೊಂಡೆ.

ಮುದಿ ಕುದುರೆ ಕಾಲು ಕುಂಟಿದಾಗ ಹರೆಯದ್ದನ್ನು ರಾಮದಾಸಪೇಠಿನ ಒಂದು ಮದುವೆಗೆ ಒಯ್ಯಬೇಕಾಯಿತು. ಒಳ್ಳೆಯ ಸೀರೆ ಉಟ್ಟು ನಾನೂ ಹೋದೆ. ಮದುಮಗ ಡಾಕ್ಟರ್. ಮೇಲೆ ಹತ್ತಿಸಿದಾಗ ಅವನು ಎರಡೂ ಕೈಯಿಂದ ಜೀನು ಹಿಡಿದುಕೊಂಡ, ಕುದುರೆ ಮಾತ್ರ ಶಾಂತ. ಬ್ಯಾಂಡಿನವರು ಊದಿದ್ದೇ ತಡ, ಅದು ಹಿಂದೆ ಹಿಂದೆ ಸರಿಯುತ್ತ ಹೋಗಿ ದೀಪದ ಗಾಡಿಗೆ ಗುದ್ದಿತು. ಅಣ್ಣ ಲಗಾಮು ಬಿಡಲಿಲ್ಲ. ಗೊರಸು ಅವನ ಪಾದದ ಮೇಲೆ ಬಿತ್ತು. ಡಾಕ್ಟರ್ ಜಾರಿ ಇಳಿದು, ಇನ್ನು ನಡೆದೇ ಬರುತ್ತೇನೆ ಎಂದ.

ಮದುಮಗನ ಚಿಕ್ಕಮ್ಮ ಅಣ್ಣನ ಮೇಲೆ ಏರಿ ಬಂದಳು. “ಅರೇ, ಯೇ ಕೈಸೀ ಘೋಡೀ ಲಾಯೇ! ಹಮಾರೀ ಇಜ್ಜತ್ ಕಾ ಕ್ಯಾ?” ಮನೆಯ ಮಾನ ಹೋಯಿತೆಂಬ ಆಕೆಯ ಕಿರುಚಾಟ ಕೇಳಿದ್ದೇ ಕುದುರೆ ಕಿವಿ ನೆಟ್ಟಗೆ ಮಾಡಿ, ನಾಲ್ಕು ಹೆಜ್ಜೆ ಮುಂದೆ ಬಂದು, ಆಕೆಯ ಜರತಾರಿ ಚೀಲದೊಳಗೆ ಮೂತಿ ಹಾಕಿತು. ಕಡಲೆ ಹುಡುಕುತ್ತಿತ್ತು. ಬ್ಯಾಂಡಿನವರೆಲ್ಲ ನಕ್ಕರು. ಕಾರಣ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ದಾರಿಯಲ್ಲಿ ಅಣ್ಣ ಕುಂಟುತ್ತ ಹೇಳಿದ: “ಬ್ಯಾಂಡಿಗೆ ಹೆದರತೈತಿ, ಜಗಳಕ್ಕ ಹೆದರಂಗಿಲ್ಲ. ಇದರ ತಲೀನ ಬರೋಬರ್ ಇಲ್ಲ.”

“ಇದರ ಜಾತೀನ ಹಂಗ ಇರಬೇಕು ಬಿಡಣ್ಣ,” ಎಂದೆ ನಾನು. ಪ್ರೊಫೆಸರರಿಗೆ ಹೇಳುವ ಅದೇ ದನಿಯಲ್ಲಿ.

ಇಷ್ಟು ದಿನ ಕಲಿಸಿದರೂ ಕಲಿಯದ ಕುದುರೆ ಇನ್ನು ಕಲಿಯುವುದಿಲ್ಲ ಎಂದು ಅಣ್ಣ ಅದನ್ನು ಇಟ್ಟಂಗಿ ಭಟ್ಟಿಯವನಿಗೆ ಮಾರಲು ಹೊರಟ. ಅಲ್ಲಿ ಸುಡುಬಿಸಿಲಲ್ಲಿ ಇಟ್ಟಂಗಿ ಗಾಡಿ ಎಳೆಯುವ ಪ್ರಾಣಿಗಳನ್ನು ನಾನು ನೋಡಿದ್ದೇನೆ. ಬೆನ್ನಿನ ಹುಣ್ಣಿಗೆ ನೊಣ ಮುತ್ತಿರುತ್ತವೆ. ಆದರೂ ಬಾಯಿ ಬಿಡಲಿಲ್ಲ. ಅಣ್ಣನ ಪಾದದ ಬಾವು ಇಳಿಯಲಿ, ಅಮಾವಾಸ್ಯೆ ಹೋಗಲಿ ಎಂದು ನಿಜ ಹೇಳಲು ಮುಹೂರ್ತ ನೋಡುತ್ತ ಕುಳಿತೆ.

ಭಟ್ಟಿಯವನು ಬಂದು ಕುದುರೆಯ ಬಾಯಿ ಅಗಲಿಸಿ ಹಲ್ಲು ನೋಡಿದ, ಬೆನ್ನು ತಟ್ಟಿದ. ಕುದುರೆ ಅವನ ಕೈಯನ್ನೂ ಮೂಸಿತು. ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ಕುದುರಿದು ತಪ್ಪಿಲ್ಲ. ನಾ ಡಬ್ಬಿ ಬಾರ್ಸಿಲ್ಲ.”

“ಮತ್ತ ದಿನಾ ಸಂಜೀಕ ಏನ್ ಮಾಡ್ತಿದ್ದಿ?”

“ಸೀರಿಯಲ್ ಹಚ್ಚಿ ಇಡ್ತಿದ್ದೆ. ಅದ್ರಾಗ ಬರೇ ಜಗಳ.”

ಭಟ್ಟಿಯವನಿಗೆ ಕನ್ನಡ ಬಾರದು. “ಕ್ಯಾ ಬೋಲ್ ರಹೀ ಹೈ?” ಎಂದು ಕೇಳಿದ. ಅಣ್ಣ ಕುದುರೆಯ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡ.

“ಘೋಡೀ ನಹೀ ಬೇಚನೀ, ಭಾಯ್,” ಎಂದು ಅವನೊಡನೆ ವ್ಯಾಪಾರ ಮುರಿದು, ನನ್ನ ಕಡೆ ತಿರುಗಿದ. “ಹೆಂಗೂ ಬಂದಾನ. ನಿನ್ನ ಹಲ್ಲೂ ಒಂದ್ಸಲ ತೋರಸ್ಲೇನು?”

ಕುದುರೆ ಉಳಿಯಿತು. ಈಗ ಅಣ್ಣ ಎಷ್ಟೋ ಸಂಜೆ ಮದುವೆಯ ಕರೆಗಳನ್ನು ಬಿಟ್ಟು, ಕುಂಟುತ್ತಲೇ ಬಂದು ನಿಂತು ತಾನೇ ಡಬ್ಬಿ ಬಾರಿಸುತ್ತಾನೆ. “ನಾ ಬಾರಸ್ತೀನಿ, ನೀ ಹೋಗಣ್ಣ,” ಎಂದು ಮೊನ್ನೆ ಕೈಚಾಚಿದೆ. ಕುದುರೆ ನನ್ನ ಭುಜಕ್ಕೆ ಮೂತಿ ಉಜ್ಜುತ್ತಿತ್ತು. ಅಣ್ಣ ಅದನ್ನು ನೋಡಿ, ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದ.

“ಬ್ಯಾಡವಾ. ಕುದುರಿ ಇನ್ನೂ ನಿನ್ನ ನಂಬತೈತಿ. ಅದಕ್ಕ ಮತ್ತ ಮೋಸ ಆಗೋದು ಬ್ಯಾಡ.”